ಬಾಣಂತಿ ಕೋಣೆಗೆ ನಾನು ಕೊಟ್ಟ ಮಂಚ

ಇದನ್ನು ಹೇಳಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಅಕ್ಕ ಬದುಕಿರುವವರೆಗೆ ಬೇಡ, ಅವಳಿಗೆ ತಡೆಯಲಾಗುವುದಿಲ್ಲ ಎಂದುಕೊಂಡೆ. ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ಎರಡೂ ಕಣ್ಣಿನದು ಆಯಿತು. ಈಗ ಉಳಿದಿರುವುದು ಹೆದರಿಕೆ ಒಂದೇ. ಅದು ತಾನಾಗಿ ಹೋಗುವಂಥದ್ದಲ್ಲ ಎಂದು ಗೊತ್ತಾದ ಮೇಲೆ, ಹೆದರಿಕೊಂಡೇ ಬರೆಯಲು ಕುಳಿತಿದ್ದೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಚಳ್ಳಕೆರೆಯ ನಮ್ಮ ಓಣಿಯಲ್ಲಿ, ಪಕ್ಕದ ಮನೆಯವರು ಹಳೆಯ ಟಿ.ವಿ. ಸ್ಟ್ಯಾಂಡ್ ಒಡೆದು ನೀರೊಲೆಗೆ ಹಾಕಿದ್ದರು. ಮರದ ಹೊಗೆ ಬೇರೆ, ಹಲಗೆಯ ಹೊಗೆ ಬೇರೆ. ಮರದ ಪುಡಿಗೆ ಅಂಟು ಕಲಸಿ ಒತ್ತಿ ಮಾಡಿದ ಹಲಗೆ ಉರಿದರೆ ಕಣ್ಣು ಉರಿಯುತ್ತದೆ, ಗಂಟಲಿನಲ್ಲಿ ಒಂದು ಥರದ ಕೆಟ್ಟ ಸಿಹಿ ಕೂರುತ್ತದೆ. ನಾನು ಹಲ್ಲುಜ್ಜುತ್ತಾ ನಿಂತಿದ್ದವನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ಹೊಗೆಯನ್ನು ಬಿ.ಜಿ. ಕೆರೆಯಲ್ಲಿ, ನನ್ನ ಅಕ್ಕನ ಹಿತ್ತಿಲಲ್ಲಿ, ಒಂದು ಚಳಿಗಾಲ ನಾನೇ ಎಬ್ಬಿಸಿದ್ದೆ. ಬೇಕೆಂದೇ ಎಬ್ಬಿಸಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಚಳ್ಳಕೆರೆಯ ಒಂದು ಫರ್ನಿಚರ್ ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದೆ. ಗಿರಾಕಿಗೆ ಸಾಮಾನು ತೋರಿಸುವವನೂ ನಾನೇ, ಅವರ ಮನೆಗೆ ಹೋಗಿ ಜೋಡಿಸಿ ಬರುವವನೂ ನಾನೇ. ಮೊದಲು ನಾವು ಮಾರುತ್ತಿದ್ದದ್ದು ಬೇವಿನ ಮಂಚ, ಹೊನ್ನೆಯ ಮಂಚ. ನಾಲ್ಕು ಜನ ಹೊರಬೇಕಾಗುತ್ತಿತ್ತು, ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಫಿಟ್ಟಿಂಗ್ ಮಂಚ ಬಂತು. ಎರಡು ರಟ್ಟಿನ ಪೆಟ್ಟಿಗೆ, ಒಳಗೆ ಬಿಡಿ ಹಲಗೆಗಳು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬೋಲ್ಟು, ಸ್ಕ್ರೂ, ಒಂದು ಬಾಗಿದ ಚಾವಿ. ಬಸ್ಸಿನ ಮೇಲೆ ಹಾಕಿದರೆ ಮೊಳಕಾಲ್ಮೂರಿಗೆ ಹೋಗುತ್ತಿತ್ತು. ಒಂದು ಗಂಟೆಯಲ್ಲಿ ಮಂಚ ನಿಲ್ಲುತ್ತಿತ್ತು. ತಲೆಯ ಕಡೆ ಎತ್ತರದ ಹಲಗೆ, ಅದರ ಮೇಲೆ ಅಂಟಿಸಿದ ಹೂವಿನ ಚಿತ್ರ. ಮಂಚವನ್ನೇ ಕಾಣದ ಮನೆಗಳಲ್ಲಿ ಮಂಚ ಬಂತು. ಅದನ್ನು ನಾನು ಈಗಲೂ ಕೆಟ್ಟದ್ದು ಎನ್ನುವುದಿಲ್ಲ.

ಎಷ್ಟು ವರ್ಷ ಬರುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು. "ಮೊಮ್ಮಕ್ಕಳು ಮಲಗ್ತಾರೆ, ತಗಂಡು ಹೋಗ್ರಿ" ಎನ್ನುತ್ತಿದ್ದೆ. ನಿಜ ನನಗೆ ಗೊತ್ತಿತ್ತು. ಒಂದೇ ಕಡೆ ನಿಂತು, ನೆಲ ಒಣಗಿದ್ದು, ಗಂಡ ಹೆಂಡತಿ ಮಲಗಿ ಎದ್ದರೆ ಆರೇಳು ವರ್ಷಕ್ಕೆ ಮೋಸವಿಲ್ಲ. ಆದರೆ ನಮ್ಮ ಕಡೆ ಸೋಮವಾರ ಬಂದರೆ ಹೆಂಗಸರು ಕಲ್ಲು ಚಪ್ಪಡಿಯ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದು ಮನೆ ತೊಳೆಯುತ್ತಾರೆ. ಹಲಗೆಯ ಕಾಲು ಆ ನೀರು ಕುಡಿಯುತ್ತದೆ, ಹಾಲಿಗೆ ಅದ್ದಿದ ಬ್ರೆಡ್ಡಿನಂತೆ ಊದುತ್ತದೆ. ಇನ್ನು ಈ ಮಂಚಕ್ಕೆ ಬಿಚ್ಚಿ ಜೋಡಿಸುವುದಕ್ಕಿಂತ ದೊಡ್ಡ ಶತ್ರು ಬೇರೆ ಇಲ್ಲ. ಮರದಲ್ಲಿ ಸ್ಕ್ರೂ ಎಷ್ಟು ಸಲ ತೆಗೆದು ಹಾಕಿದರೂ ಮರ ಹಿಡಿದುಕೊಳ್ಳುತ್ತದೆ. ಪುಡಿಯ ಹಲಗೆ ಒಂದು ಸಲ ಹಿಡಿಯುತ್ತದೆ, ಎರಡನೆಯ ಸಲ ಹಿಡಿದಂತೆ ಮಾಡುತ್ತದೆ, ಮೂರನೆಯ ಸಲಕ್ಕೆ ತೂತಿನಿಂದ ಹಿಟ್ಟು ಉದುರುತ್ತದೆ. ಮನೆ ಬದಲಾಯಿಸಿದವರು ಬಂದು ಗಲಾಟೆ ಮಾಡಿದರೆ, "ಸೋಮವಾರ ನೀರು ಹಾಕಿ ತೊಳೆದ್ರಾ? ಹಂಗಾದ್ರೆ ನಾವೇನು ಮಾಡಾನ" ಎಂದು ಅವರ ಮೇಲೇ ಹಾಕಿ ಕಳಿಸುತ್ತಿದ್ದೆವು. ತಪ್ಪು ಬಳಸಿದವರದು ಎಂದು ಹೇಳುವುದು ನನ್ನ ನಾಲಗೆಗೆ ಅಭ್ಯಾಸವಾಗಿಹೋಗಿತ್ತು. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ. ಆ ದಿನ ಆ ಮಾತು ಅಷ್ಟು ಸಲೀಸಾಗಿ ಹೇಗೆ ಬಂತು ಎಂದು ನನಗೇ ಆಶ್ಚರ್ಯವಾಗುವುದರಿಂದ ಹೇಳುತ್ತಿದ್ದೇನೆ.

ಅದು ೨೦೦೧ರ ಚಳಿಗಾಲ. ಶೇಂಗಾ ಕಿತ್ತು ಮುಗಿದಿತ್ತು, ಹೊಲಗಳೆಲ್ಲ ಕೆದಕಿದ ಕೆಂಪು ಮಣ್ಣು. ಮೊಳಕಾಲ್ಮೂರಿನ ಕಲ್ಲು ಗುಡ್ಡಗಳ ಕಡೆಯಿಂದ ಬೆಳಗಿನ ಹೊತ್ತು ಬೀಸುವ ಗಾಳಿಗೆ ತುಟಿ ಒಡೆಯುತ್ತಿತ್ತು. ಬಿ.ಜಿ. ಕೆರೆಯ ನನ್ನ ಅಕ್ಕ ನೀಲಕ್ಕನ ಮಗಳು ಸುಜಾತ ಚೊಚ್ಚಲ ಬಾಣಂತಿ, ಹೆಣ್ಣು ಕೂಸು. ಆಸ್ಪತ್ರೆಯಿಂದ ತಾಯಿ ಮಗು ಚೆನ್ನಾಗಿ ಮನೆಗೆ ಬಂದಿದ್ದರು. ಸುಜಾತಳ ಗಂಡನ ಮನೆಯವರು ಚಳ್ಳಕೆರೆಯಲ್ಲಿ ಎಣ್ಣೆ ವ್ಯಾಪಾರದವರು, ಅನುಕೂಲಸ್ಥರು. ತೊಟ್ಟಿಲಿಗೆ ಹಾಕುವ ದಿನ ಬೀಗಿತ್ತಿ ಬಂದು ಕೋಣೆ ನೋಡುತ್ತಾಳೆ ಎಂಬುದು ಅಕ್ಕನ ಚಿಂತೆ.

"ಲೇ ರುದ್ರ, ಆ ಹಗ್ಗದ ಹೊರಸಿನ ಮ್ಯಾಲೆ ಮಲಗಿಸಿದ್ದು ನೋಡಿದ್ರೆ ಬೀಗಿತ್ತಿ ಏನಂದಾಳು? ದನದ ಕೊಟ್ಟಿಗೇಲಿ ಮಲಗಿಸ್ಯಾರೆ ಅಂತಾಳೆ" ಎಂದಳು.

"ನಾನಿದ್ದೀನಲ್ಲಕ್ಕ. ಹೊಸ ಮಂಚ ತರ್ತೀನಿ" ಎಂದೆ.

ಹೊಸದನ್ನು ನಾನು ತರಲಿಲ್ಲ. ನಮ್ಮ ಅಂಗಡಿಯ ಮುಂದೆ ತೋರಿಕೆಗೆ ನಿಲ್ಲಿಸಿದ್ದ ಒಂದು ಮಂಚವಿತ್ತು. ಹಬ್ಬಕ್ಕೊಮ್ಮೆ ಅದನ್ನು ಬಿಚ್ಚಿ ಒಳಗಿಡುವುದು, ಮತ್ತೆ ಜೋಡಿಸಿ ಹೊರಗಿಡುವುದು. ನಾಲ್ಕು ಸಲ ಬಿಚ್ಚಿ ಜೋಡಿಸಿದ್ದು ನನಗೇ ನೆನಪಿತ್ತು. ಹೊಸ ಮಾದರಿ ಬಂದಾಗ ಸಾಹುಕಾರರು "ಇದನ್ನ ಗೋಡೌನಿಗೆ ಬಿಸಾಕು" ಎಂದರು. ನಾನು ಕೇಳಿ ತೆಗೆದುಕೊಂಡೆ. ಸುಮ್ಮನೆ ತೆಗೆದುಕೊಂಡು ಹೋಗಿ, ಅಕ್ಕಾ ಇದು ಅಂಗಡಿಯಲ್ಲಿ ನಿಂತಿದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಹೊಸ ರಟ್ಟಿನ ಪೆಟ್ಟಿಗೆ ಹುಡುಕಿ, ಹಲಗೆಗಳನ್ನು ಒರೆಸಿ, ಅದರೊಳಗೆ ಜೋಡಿಸಿ, ಮೇಲೆ ಟೇಪು ಎಳೆದೆ. ಅಕ್ಕನ ಮನೆಯ ಪಡಸಾಲೆಯಲ್ಲಿ ಎಲ್ಲರೂ ನೋಡುತ್ತಿರುವಾಗ ಆ ಟೇಪನ್ನು ಚಾಕುವಿನಿಂದ ಕೊಯ್ದೆ. ತಮ್ಮ ಹೊಸ ಮಂಚ ತಂದ ಎಂದು ಅಕ್ಕನ ಮುಖ ಅರಳಿತು.

ಬಾಣಂತಿಯ ಕೋಣೆ ಮನೆಯ ಮೂಲೆಯಲ್ಲಿತ್ತು. ಕೈ ಹಿಡಿಯುವಷ್ಟು ಒಂದು ಕಿಟಕಿ. ಬಾಗಿಲ ಹೊಸಿಲ ಬಳಿ ಒಬ್ಬ ಅಜ್ಜಿ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಊರಾಚೆಯ ಹಟ್ಟಿಯ ಸೂಲಗಿತ್ತಿ. ಸುಜಾತಳನ್ನು ಭೂಮಿಗೆ ಇಳಿಸಿದವಳೂ ಆಕೆಯೇ. ಈಗೀಗ ಹೆರಿಗೆಗೆ ಎಲ್ಲರೂ ಆಸ್ಪತ್ರೆಗೆ ಹೋದರೂ, ಬಾಣಂತಿಗೆ ಎಣ್ಣೆ ತಿಕ್ಕಿ, ಸುಡುನೀರು ಹಾಕಿ, ಕೂಸನ್ನು ಕಾಲ ಮೇಲೆ ಮಲಗಿಸಿ ಎರೆಯುವುದಕ್ಕೆ ಸುತ್ತಲಿನ ಊರುಗಳಲ್ಲಿ ಆಕೆಯೇ ಬೇಕಿತ್ತು. ಎಪ್ಪತ್ತರ ಹತ್ತಿರದ ವಯಸ್ಸು. ಮೈಯೆಲ್ಲ ಒಣಗಿದ್ದರೂ ಅಂಗೈ ಮಾತ್ರ ಎಣ್ಣೆಯಲ್ಲೇ ಇದ್ದು ಇದ್ದು ಎಳೆಯರ ಕೈಯಂತೆ ಮೆತ್ತಗಿತ್ತು.

ನಾನು ಹಲಗೆಗಳನ್ನು ನೆಲಕ್ಕೆ ಹರಡಿದಾಗ ಆಕೆ ಒಂದನ್ನು ಹತ್ತಿರ ಎಳೆದು ಬೆರಳ ಗಂಟಿನಿಂದ ಕುಟ್ಟಿ ನೋಡಿದಳು.

"ಇದಿ ಕಟ್ಟೆ ಕಾದಪ್ಪ" ಎಂದಳು. ಆಂಧ್ರದ ಗಡಿಯ ತವರಿನವಳು, ತೆಲುಗು ಮೊದಲು ಬರುತ್ತಿತ್ತು, ಕನ್ನಡ ಹಿಂದೆ ಬರುತ್ತಿತ್ತು. "ಇದು ಮರ ಅಲ್ಲ. ಹಿಟ್ಟು ತಟ್ಟಿದಂಗೈತೆ."

"ಹಿಟ್ಟಾದ್ರೆ ನಿನಗೆ ಎರಡು ರೊಟ್ಟಿ ಬಡಿದು ಕೊಡ್ಲೇನವ್ವ?" ಎಂದೆ. ಅಕ್ಕ ನಕ್ಕಳು. ಒಳಗೆ ಹೊರಸಿನ ಮೇಲೆ ಮಲಗಿದ್ದ ಸುಜಾತಳೂ ನಕ್ಕಳು.

"ನನಗೆ ಹಲ್ಲಿಲ್ಲ, ನೀನೇ ತಿನ್ನು. ಅಲ್ಲಪ್ಪ, ಇದರ ಕೆಳಗೆ ಕೆಂಡ ಇಕ್ಕಬೋದಾ?"

ನಮ್ಮ ಕಡೆ ಬಾಣಂತಿಗೆ ಎರೆದ ಮೇಲೆ ಕಂಬಳಿ ಹೊದಿಸಿ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕುಂಪಟಿ ಇಡುತ್ತಾರೆ. ಕುಂಪಟಿ ಎಂದರೆ ಕೆಂಡ ತುಂಬುವ ಮಣ್ಣಿನ ಬೋಗುಣಿ. ಅದರ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ ಉದುರಿಸುತ್ತಾರೆ. ಹಗ್ಗದ ಸಂದಿನಿಂದ ಶಾಖ ಏರಿ ಬೆನ್ನಿಗೆ ಹತ್ತುತ್ತದೆ, ಚಳಿಗಾಲದ ಬಾಣಂತಿಗೆ ಅದಿಲ್ಲದೆ ಆಗುವುದಿಲ್ಲ ಎಂದು ಹೆಂಗಸರ ನಂಬಿಕೆ. ಫಿಟ್ಟಿಂಗ್ ಮಂಚ ಮಾಡಿದವರು ಯಾರೂ ಅದರ ಕೆಳಗೆ ಯಾರಾದರೂ ಬೆಂಕಿ ಇಡುತ್ತಾರೆಂದು ಎಣಿಸಿರಲಾರರು. ನಾನು ಎಣಿಸಬೇಕಿತ್ತು. ನನ್ನ ತಾಯಿ ಅಂಥ ಕುಂಪಟಿಯ ಮೇಲೆಯೇ ನನ್ನನ್ನು ಸಾಕಿದ್ದು.

"ಇಕ್ಕು. ಅಡ್ಡಪಟ್ಟಿ ನಡುವೆ ಸಂದು ಐತಲ್ಲ, ಶಾಖ ಬರ್ತೈತೆ. ಏನೂ ಆಗಲ್ಲ" ಎಂದೆ.

"ಹೊರಸೇ ಇರ್ಲಿ ಬಿಡ್ರೋ. ಬೀಗಿತ್ತಿ ಬಂದ ದಿನ ಒಂದಿನ ಇದರ ಮ್ಯಾಲೆ ಮಲಗಿಸಾನ."

"ನಿನ್ನ ಕಾಲ ಮುಗೀತು ಕಣವ್ವ" ಎಂದು ನಾನು ಹೊರಸನ್ನು ಎತ್ತಿಕೊಂಡು ಹೋಗಿ ಹಿತ್ತಿಲ ಶೇಂಗಾ ಹೊಟ್ಟಿನ ಬಣವೆಯ ಪಕ್ಕ ಒಗೆದು ಬಂದೆ.

ಚೌಕಟ್ಟು ನಿಂತಿತು. ಅಡ್ಡಪಟ್ಟಿಗಳು ಕೂರುವುದಕ್ಕೆ ಮಂಚದ ಎರಡೂ ಕಡೆ ಒಳಮೈಗೆ ಒಂದೊಂದು ರೀಪು, ಎಂದರೆ ಉದ್ದನೆಯ ಸಪೂರ ಪಟ್ಟಿ, ಬಿಗಿಯಬೇಕು. ಮಲಗುವವರ ಭಾರವೆಲ್ಲ ಆ ಎರಡು ರೀಪುಗಳ ಮೇಲೆ. ಒಂದು ಕಡೆಯದು ಹೇಗೋ ಹಿಡಿಯಿತು. ಇನ್ನೊಂದು ಕಡೆ ಐದು ಸ್ಕ್ರೂಗಳಲ್ಲಿ ನಾಲ್ಕು ಸುಮ್ಮನೆ ತಿರುಗಿದವು. ತೂತು ಬಾಯಿ ಬಿಟ್ಟಿತ್ತು. ಬೆರಳಿಟ್ಟರೆ ಪುಡಿ.

ಅಲ್ಲಿಗೆ ನಿಲ್ಲಿಸಿ, ಅಕ್ಕಾ ಇದು ಆಗಲ್ಲ ಎನ್ನಬಹುದಿತ್ತು. ಟೇಪು ಕೊಯ್ದು ಹೊಸದೆಂದು ತೋರಿಸಿದವನು ಹೇಗೆ ಹೇಳಲಿ? "ಅಕ್ಕ, ಸ್ವಲ್ಪ ಟೀ ಇಡು" ಎಂದು ಅವಳನ್ನು ಕಳಿಸಿದೆ. ಗೂಡಿನಲ್ಲಿ ದೀಪದ ಪಕ್ಕ ಬೆಂಕಿಪೆಟ್ಟಿಗೆ ಇತ್ತು. ಒಂದೊಂದು ತೂತಿಗೆ ಎರಡೆರಡು ಕಡ್ಡಿ ತುರುಕಿ, ಮುರಿದು, ಸ್ಕ್ರೂ ಬಿಗಿದೆ. ಹಿಡಿಯಿತು. ಇದು ಈ ಕೆಲಸದವರೆಲ್ಲ ಬಲ್ಲ ಉಪಾಯ, ಬೀರುವಿನ ಬಾಗಿಲಿಗೆ, ಕನ್ನಡಿಯ ಚೌಕಟ್ಟಿಗೆ ಮಾಡುತ್ತೇವೆ. ಮನುಷ್ಯರು ಮಲಗುವ ಕಡೆ ಮಾಡುವುದಿಲ್ಲ. ಆ ಕಡೆ ಕಾಣದಿರಲಿ ಎಂದು ಮಂಚವನ್ನು ತಿರುಗಿಸಿ ಅದನ್ನು ಗೋಡೆಗೆ ಹಚ್ಚಿದೆ. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದಳು. ಆಕೆ ನೋಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ತೊಟ್ಟಿಲ ಶಾಸ್ತ್ರ ಚೆನ್ನಾಗಿ ಆಯಿತು. ಬೀಗಿತ್ತಿ ಮಂಚದ ಹೂವಿನ ಚಿತ್ರವನ್ನು ಸವರಿ ನೋಡಿದಳು. ಬಂದ ಹೆಂಗಸರೆಲ್ಲ ಕೂಸು ನೋಡುವ ನೆಪದಲ್ಲಿ ಅದರ ಅಂಚಿನ ಮೇಲೆ ಸಾಲಾಗಿ ಕುಳಿತು ಎದ್ದರು. ಮಂಚ ತಡೆಯಿತು. ನಾನು ಅದನ್ನು ಮರೆತೇಬಿಟ್ಟೆ.

ಸುಮಾರು ಇಪ್ಪತ್ತು ದಿನದ ಮೇಲೆ, ಅಂಗಡಿಗೆ ರಜೆ ಇದ್ದ ಒಂದು ಅಮಾವಾಸ್ಯೆಯ ದಿನ, ಕೂಸು ನೋಡಿ ಬರೋಣವೆಂದು ಹೋಗಿದ್ದೆ. ಬೆಳಗಿನ ಹತ್ತೂವರೆ ಇರಬಹುದು. ಅಜ್ಜಿ ತಾಯಿಗೂ ಮಗುವಿಗೂ ಎರೆದು, ಕಂಬಳಿ ಹೊದಿಸಿ ಮಲಗಿಸಿ, ಕುಂಪಟಿ ಇಟ್ಟು, ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ನಾನು ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದೆ. ಭಾವ ಎದುರಿಗೆ ಕುಳಿತಿದ್ದರು.

ಒಣಗಿದ ಕೊಂಬೆ ಮುರಿದಂತೆ ಒಂದು ಸದ್ದು. ಹಿಂದೆಯೇ ಧಪ್ಪನೆ ಇನ್ನೊಂದು. ಆಮೇಲೆ ಸುಜಾತ ಕೂಗಿದ್ದು.

ನಾವು ಏಳುವಷ್ಟರಲ್ಲಿ ಅಜ್ಜಿ ನಮ್ಮನ್ನು ದಾಟಿ ಒಳಗೆ ಹೋಗಿದ್ದಳು. ಗೋಡೆಯ ಕಡೆಯ ರೀಪು ಕಿತ್ತು ಬಂದು, ಅಡ್ಡಪಟ್ಟಿಗಳ ತುದಿ ನೆಲಕ್ಕೆ ಬಿದ್ದು, ಹಾಸಿಗೆ ಗೋಡೆಯ ಕಡೆಗೆ ವಾಲಿತ್ತು. ಬೀಳುವ ಪಟ್ಟಿಗಳು ಕುಂಪಟಿಯನ್ನು ಒಡೆದು ಕೆಂಡ ಚೆಲ್ಲಿದ್ದವು. ಕೂಸು ಬೀಳದಿರಲೆಂದು ಗೋಡೆಯ ಕಡೆಗೇ ಮಲಗಿಸಿದ್ದರು. ಅದು ಹಾಸಿಗೆಗೂ ಗೋಡೆಗೂ ನಡುವಿನ ಸಂದಿನಲ್ಲಿ ಜಾರಿ ಕೆಳಗೆ ಹೋಗಿತ್ತು. ಅಜ್ಜಿ ನೆಲಕ್ಕೆ ಬೋರಲು ಬಿದ್ದು, ಮಂಚದ ಕೆಳಗೆ ಎರಡೂ ಕೈ ಚಾಚಿ, ಕೆಂಡವನ್ನು ಅಂಗೈಯಿಂದಲೇ ಆಚೆ ಗುಡಿಸಿದಳು. ಒಂದು ಸಲವಲ್ಲ, ಮೂರು ನಾಲ್ಕು ಸಲ. ಆಮೇಲೆ ಕೂಸನ್ನು ಎಳೆದು ಎದೆಗೆ ಹಾಕಿಕೊಂಡಳು. ಕೂಸಿನ ಎಡಗಾಲು ಸುಟ್ಟಿತ್ತು. ಆ ಅಳುವನ್ನು ನಾನು ಬರೆಯುವುದಿಲ್ಲ.

ಭಾವನೂ ಅಕ್ಕನೂ ಯಾರದೋ ಜೀಪು ಹತ್ತಿ ಕೂಸನ್ನು ಆಸ್ಪತ್ರೆಗೆ ಒಯ್ದರು. ಸುಜಾತಳನ್ನು ಪಕ್ಕದ ಮನೆಯವರು ಎತ್ತಿಕೊಂಡು ಹೋದರು. ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಹಾಸಿಗೆ ಎತ್ತಿ ನೋಡಿದೆ. ಗೋಡೆಯ ಕಡೆಯ ಹಲಗೆಗೆ ಬೆಂಕಿ ತಾಗಿರಲೇ ಇಲ್ಲ. ಕಿತ್ತು ಬಂದ ರೀಪು ಬಿಳಿಯಾಗಿ, ಸ್ವಚ್ಛವಾಗಿ ಇತ್ತು, ಒಂದು ಕಪ್ಪು ಕಲೆಯೂ ಇಲ್ಲ. ಅದರಲ್ಲಿ ಚಾಚಿಕೊಂಡಿದ್ದ ನಾಲ್ಕು ಸ್ಕ್ರೂಗಳ ಸುತ್ತ ಮುರಿದ ಬೆಂಕಿಕಡ್ಡಿಗಳು ಅಂಟಿಕೊಂಡಿದ್ದವು. ಒಂದರಲ್ಲಿ ಕೆಂಪು ಮದ್ದಿನ ತಲೆ ಹಾಗೆಯೇ ಉಳಿದಿತ್ತು.

ನಾನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ. ಈ ಕೆಲಸದವರ ಜೇಬಿನಲ್ಲಿ ಅದು ಸದಾ ಇರುತ್ತದೆ. ನಾಲ್ಕೂ ಸ್ಕ್ರೂಗಳನ್ನು ಬಿಚ್ಚಿ, ಕಡ್ಡಿಗಳ ಸಮೇತ ಜೇಬಿಗೆ ಹಾಕಿಕೊಂಡೆ. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ.

ಮಧ್ಯಾಹ್ನದ ಹೊತ್ತಿಗೆ ಚಳ್ಳಕೆರೆಯಿಂದ ಬೀಗಿತ್ತಿ, ಅಳಿಯ ಬಂದರು. ಕೂಸಿನ ಜೀವಕ್ಕೆ ಭಯವಿಲ್ಲ, ಬೆರಳುಗಳು ಮಾತ್ರ ಹೇಳೋಕಾಗಲ್ಲ ಎಂದು ಆಸ್ಪತ್ರೆಯಿಂದ ಸುದ್ದಿ ತೆಗೆದುಕೊಂಡು ಅಕ್ಕನೂ ವಾಪಸಾದಳು. ಪಡಸಾಲೆ ತುಂಬ ಜನ. ಅಜ್ಜಿ ಹೊರಗೆ ಕಟ್ಟೆಯ ಕೆಳಗೆ, ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದಳು. ಆ ಕೈಗೆ ಏನಾದರೂ ಹಚ್ಚಬೇಕೆಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಹೊಸ ಮಂಚ ಹೆಂಗೆ ಬೀಳ್ತೈತ್ರಿ?" ಎಂದಳು ಬೀಗಿತ್ತಿ. "ಇಪ್ಪತ್ತು ದಿನಕ್ಕೆ ಮುರಿಯೋದನ್ನ ಮಂಚ ಅಂತಾರೇನು? ಯಾರು ತಂದಿದ್ದು?"

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಯಾರೋ ಹೆಂಗಸು, "ಮುದುಕಿ ಕೆಂಡ ಎಷ್ಟು ತುಂಬಿದ್ಲೋ" ಎಂದಳು. ಎಲ್ಲರ ಮುಖ ಹೊರಗೆ ತಿರುಗಿತು.

ಅಜ್ಜಿ ಕುಳಿತಲ್ಲಿಂದಲೇ ಹೇಳಿದಳು. "ಮೂರು ಚಿಪ್ಪು ಕೆಂಡ ಕಣ್ರಪ್ಪ. ನಿಮ್ಮ ನೀಲವ್ವನಿಗೂ ಮೂರೇ, ಸುಜಾತವ್ವನಿಗೂ ಮೂರೇ. ಹೆಚ್ಚಿಲ್ಲ, ಕಡಿಮೆ ಇಲ್ಲ."

"ಹಂಗಾದ್ರೆ ಬಿದ್ದಿದ್ದು ಹೆಂಗೆ?" ಎಂದಳು ಬೀಗಿತ್ತಿ.

"ನನಗೇನು ಗೊತ್ತಾಗ್ತೈತ್ರಿ ಅದು. ಆತನ್ನ ಕೇಳ್ರಿ" ಎಂದು ನನ್ನ ಕಡೆ ಗದ್ದ ಎತ್ತಿ ತೋರಿಸಿದಳು. ಕೈ ತೋರಿಸಲು ಆಗುತ್ತಿರಲಿಲ್ಲ. "ಆತ ಆ ಕೆಲಸ ಬಲ್ಲೋನು. ಜೋಡ್ಸಿದೋನೂ ಆತನೇ. ಆತ ನೋಡಿ ಏನು ಹೇಳ್ತಾನೋ ಅದಕ್ಕೆ ನಾನು ಒಪ್ತೀನಿ."

ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆ. ಆಕೆ ನನ್ನನ್ನು ಸಿಕ್ಕಿಸಲು ಹೇಳಿದಳೇ, ನಂಬಿ ಹೇಳಿದಳೇ? ನಂಬಿ ಹೇಳಿದಳು ಎಂದೇ ನನಗೆ ಅನಿಸುವುದು. ನಲವತ್ತು ವರ್ಷ ಹೆಂಗಸರು ಆಕೆಯ ಕೈಯನ್ನು ನಂಬಿದ್ದರು. ಕೆಲಸ ಬಲ್ಲವರನ್ನು ನಂಬಬೇಕು ಎಂಬುದು ಆಕೆಗೆ ಗೊತ್ತಿದ್ದ ಒಂದೇ ನ್ಯಾಯ.

ನಾನು ಎದ್ದು ಕೋಣೆಗೆ ಹೋದೆ. ನೋಡುವವನಂತೆ ನೋಡಿದೆ. ಹೊರಗೆ ಬಂದು, ಗಿರಾಕಿಗಳಿಗೆ ಹೇಳುವ ಅದೇ ಧಾಟಿಯಲ್ಲಿ ಹೇಳಿದೆ.

"ಮಂಚದಾಗೆ ಊನ ಇಲ್ಲ. ಹಲಗೆ ಮ್ಯಾಲೆ ಶಾಖ ಬೇಗ ಏರಲ್ಲ, ಅದಕ್ಕೆ ಕೆಂಡ ಜಾಸ್ತಿ ಹಾಕ್ಯಾಳೆ. ದಿನಾ ಕಾದು ಕಾದು ಅಂಟು ಬಿಟ್ಟೈತೆ."

ಅಲ್ಲಿದ್ದವರಿಗೆ ಅದು ಒಪ್ಪಿಗೆಯಾಯಿತು. ಬೀಗಿತ್ತಿಗೆ ಮಂಚ ಕೊಟ್ಟವರನ್ನು ಬೈಯುವ ಕಷ್ಟ ತಪ್ಪಿತು, ಅಕ್ಕನಿಗೆ ತಮ್ಮನ ಮಾನ ಉಳಿಯಿತು. ಊರಾಚೆಯ ಹಟ್ಟಿಯ ಮುದುಕಿಯ ಮಾತಿಗೆ ನಮ್ಮ ಪಡಸಾಲೆಯಲ್ಲಿ ಮೊದಲೇ ಎಷ್ಟು ತೂಕವಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಅಜ್ಜಿ ನನ್ನ ಮುಖ ನೋಡಿ, "ಆಗ್ಲಪ್ಪ" ಎಂದಳು. ಕೈ ಊರಿ ಏಳಲು ಹೋಗಿ ಆಗದೆ, ಕಟ್ಟೆಗೆ ಮೊಣಕೈ ಕೊಟ್ಟು ಎದ್ದಳು.

"ಇನ್ನ ಈ ಕಡೆ ಕಾಲಿಡಬ್ಯಾಡ" ಎಂದಳು ಅಕ್ಕ. ಬಾಣಂತನ ಮುಗಿದ ಮೇಲೆ ಸೂಲಗಿತ್ತಿಗೆ ಸೀರೆ ಉಡಿಸಿ, ಮೊರದ ತುಂಬ ಕಾಳು ಕೊಟ್ಟು ಕಳಿಸುವುದು ನಮ್ಮ ಮನೆಗಳ ಪದ್ಧತಿ. ಆ ಸೀರೆಯನ್ನು ಅಕ್ಕ ಮೊದಲೇ ತಂದಿಟ್ಟಿದ್ದಳು. ಅದು ಪೆಟ್ಟಿಗೆಯಲ್ಲೇ ಉಳಿಯಿತು.

ಆ ಸಂಜೆಯೇ ನಾನು ಮಂಚವನ್ನು ಹಿತ್ತಿಲಿಗೆ ಎಳೆದು, ಕೊಡಲಿಯಿಂದ ಒಡೆದು, ನೀರೊಲೆಯ ಮುಂದೆ ರಾಶಿ ಹಾಕಿ ಸುಟ್ಟೆ. ಅಪಶಕುನದ ವಸ್ತು ಮನೆಯಲ್ಲಿ ಬೇಡ ಎಂದೆ. ಎಲ್ಲರೂ ಸರಿ ಎಂದರು. ರೀಪುಗಳನ್ನು ಎಲ್ಲಕ್ಕಿಂತ ಮೊದಲು ಹಾಕಿದೆ. ಹೊಗೆ ಮನೆಯೊಳಗೆಲ್ಲ ತುಂಬಿ, ಎರಡು ದಿನ ಬಟ್ಟೆಗಳಿಂದ ಹೋಗಲಿಲ್ಲ.

ಆ ಮೇಲೆ ಬಿ.ಜಿ. ಕೆರೆಯಲ್ಲಾಗಲಿ, ಕೊಂಡ್ಲಹಳ್ಳಿಯಲ್ಲಾಗಲಿ, ಯಾವ ಬಾಣಂತಿಯ ಮನೆಯವರೂ ಆಕೆಯನ್ನು ಕರೆಯಲಿಲ್ಲ. ಕೂಸು ಸುಟ್ಟವಳು ಎಂಬ ಮಾತು ಬಸ್ಸಿಗಿಂತ ಮುಂಚೆ ಊರು ಮುಟ್ಟಿತ್ತು. ಕರೆದಿದ್ದರೂ ಪ್ರಯೋಜನವಿರಲಿಲ್ಲ. ಎರಡು ವರ್ಷದ ಮೇಲೆ, ಶೇಂಗಾ ಕಿತ್ತು ಮುಗಿದ ಕಾಲದಲ್ಲಿಯೇ, ಒಂದು ಮಂಚ ಜೋಡಿಸಿ ವಾಪಸು ಬರುವಾಗ ಕೊಂಡ್ಲಹಳ್ಳಿಯ ಬಸ್ ನಿಲ್ದಾಣದಲ್ಲಿ ಆಕೆಯನ್ನು ನೋಡಿದೆ. ಹೊಲದಲ್ಲಿ ಉಳಿದ ಶೇಂಗಾ ಆಯ್ದುಕೊಂಡು ಬಂದಿದ್ದಳು, ಮಡಿಲಲ್ಲಿ ಒಂದು ಹಿಡಿ. ಅಂಗೈ ಒಳಕ್ಕೆ ಸೇದಿಹೋಗಿತ್ತು, ಬೆರಳುಗಳು ಬಿಚ್ಚುತ್ತಿರಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದೊಂದೇ ಕಾಯಿ ಹಿಡಿದು, ಹಲ್ಲಿಲ್ಲದ ಬಾಯಲ್ಲಿ ವಸಡಿನಿಂದ ಒಡೆಯಲು ನೋಡುತ್ತಿದ್ದಳು.

ನಾನು ಕಂಬದ ಹಿಂದಕ್ಕೆ ಸರಿಯುವ ಮೊದಲೇ ಗುರುತು ಹಿಡಿದಳು.

"ಏಮಪ್ಪ, ರುದ್ರಪ್ಪ. ಕೂಸು ಹೆಂಗೈತೆ? ನಡೀತಾಳಾ?"

"ನಡೀತಾಳೆ. ಚೆನ್ನಾಗವ್ಳೆ."

"ಕುಂಟ್ತಾಳಾ?"

"ಸ್ವಲ್ಪ."

"ಅಯ್ಯೋ ಶಿವನೆ. ದಿನಾ ಹರಳೆಣ್ಣೆ ತಿಕ್ಕಿ ಬೆರಳು ಬಿಡಿಸಿ ಎಳೀಬೇಕಪ್ಪ, ಅಂಟ್ಕಂಡ್ರೆ ಆಮ್ಯಾಲೆ ಬಿಡಲ್ಲ. ಸುಜಾತವ್ವನಿಗೆ ಹೇಳು. ನಾನು ಹೇಳ್ದೆ ಅನ್ನಬ್ಯಾಡ, ನೀನೇ ಹೇಳ್ದಂಗೆ ಹೇಳು."

ಚಳ್ಳಕೆರೆಯ ಬಸ್ಸು ಬಂತು. ಹೇಳುವುದಕ್ಕೆ ಅಷ್ಟು ಒಳ್ಳೆಯ ಸಮಯ ಮತ್ತೆ ಬರುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು. ಸುತ್ತ ಯಾರೂ ಇರಲಿಲ್ಲ. ತಪ್ಪಾಯ್ತವ್ವ ಎಂದರೆ ಮುಗಿಯುತ್ತಿತ್ತು, ಒಂದು ಉಸಿರಿನ ಮಾತು. ನಾನು ಬಸ್ಸು ಹತ್ತಿ, ಆಕೆ ಕಾಣದ ಕಡೆಯ ಕಿಟಕಿಗೆ ಹೋಗಿ ಕುಳಿತೆ. ಹರಳೆಣ್ಣೆಯ ಮಾತನ್ನು ಸುಜಾತಳಿಗೆ ಹೇಳಿದೆ, ನಾನೇ ಹೇಳಿದಂತೆ. ಅವಳು ದಿನಾ ತಿಕ್ಕಿದಳು. ಮೂರು ಬೆರಳು ಬಿಟ್ಟುಕೊಂಡವು. ಮಾಮ ಹೇಳಿದ್ದರಿಂದ ಮಗಳ ಕಾಲು ಅಷ್ಟಾದರೂ ಸರಿಯಾಯಿತು ಎಂದು ಅವಳು ಬಂದವರೆದುರು ಹೇಳುತ್ತಿದ್ದಳು, ನಾನು ಕೇಳಿಸಿಕೊಂಡು ಕುಳಿತಿರುತ್ತಿದ್ದೆ.

ಅಜ್ಜಿ ಸತ್ತ ಸುದ್ದಿ ನನಗೆ ತಲುಪಿದ್ದು ಸತ್ತು ವರ್ಷವಾದ ಮೇಲೆ. ಮಗ ಸೊಸೆ ಕೂಲಿಗೆಂದು ಬಳ್ಳಾರಿಯ ಕಡೆ ಹೋಗಿದ್ದರಂತೆ, ಆಕೆಯೂ ಅಲ್ಲೇ ಹೋದಳಂತೆ. ಎಲ್ಲಿ ಮಣ್ಣು ಮಾಡಿದರೋ ಹೇಳುವವರಿಲ್ಲ.

ಆ ಕೂಸಿನ ಹೆಸರು ಚೈತ್ರ. ಈಗ ಅವಳೇ ಬಸುರಿ, ಆರು ತಿಂಗಳು. ಪಕ್ಕದ ಮನೆಯವರು ಹಲಗೆ ಸುಟ್ಟ ವಾರದಲ್ಲೇ ತಾಯಿ ಮಗಳು ನನ್ನನ್ನು ನೋಡಲು ಬಂದಿದ್ದರು. ಬಾಣಂತನದ ಮಾತು ಬಂತು.

"ಶಾಖನೂ ಬ್ಯಾಡ, ಕುಂಪಟಿನೂ ಬ್ಯಾಡ, ಯಾವ ಮುದುಕೀನೂ ನನ್ನ ಮನೆ ಹೊಸಿಲು ತುಳಿಯೋದು ಬ್ಯಾಡ" ಎಂದಳು ಸುಜಾತ.

ಚೈತ್ರ ಕಾಲು ಚಾಚಿ, ಆ ಕೂಡಿಕೊಂಡ ಬೆರಳುಗಳನ್ನು ಸುಮ್ಮನೆ ನೋಡುತ್ತಾ ಕುಳಿತಿದ್ದಳು. ಕೋಪವಿರಲಿಲ್ಲ ಅವಳ ಮಾತಿನಲ್ಲಿ. ಹವಾಮಾನ ಕೇಳಿದಂತೆ ಕೇಳಿದಳು.

"ತಾತ, ನನ್ನ ಕಾಲು ಸುಟ್ಟ ಆ ಮುದುಕಿ ಹೆಸರೇನು? ಅವ್ವನ ಕೇಳಿದ್ರೆ ಆ ಹೆಸರು ಬಾಯಾಗೆ ತರಲ್ಲ ಅಂತಾಳೆ."

"ನೆನಪಿಲ್ಲವ್ವ" ಎಂದೆ.

ಎಪ್ಪತ್ತು ದಾಟಿದ ನನಗೆ ಬೇಕಾದಷ್ಟು ಮರೆತುಹೋಗಿದೆ, ಅವಳು ನಂಬಿದಳು. ಇನ್ನು ಮೂರು ತಿಂಗಳಿಗೆ ಅವಳು ತನ್ನ ಕೂಸಿಗೆ ಎಣ್ಣೆ ತಿಕ್ಕುವಾಗ, ಕಾಲಿನ ಕಥೆಯನ್ನು ಅದಕ್ಕೂ ಹೇಳುತ್ತಾಳೆ. ನಾನು ಪಡಸಾಲೆಯಲ್ಲಿ ಹೇಳಿದ ಸುಳ್ಳು ಇನ್ನೊಂದು ತಲೆಮಾರಿಗೆ ಹೋಗುತ್ತದೆ, ನಾನು ಸತ್ತ ಮೇಲೂ.

ಈ ಹಾಳೆಗಳನ್ನು ಚೈತ್ರಳ ಕೈಗೇ ಕೊಡುತ್ತೇನೆ. ಓದಿದ ಮೇಲೆ ಅವಳು ನನ್ನ ಮುಖ ನೋಡದಿದ್ದರೆ ಅದು ಅವಳಿಗೆ ಬಿಟ್ಟದ್ದು. ಚೈತ್ರ, ನಿನ್ನ ಕಾಲು ಸುಟ್ಟವನು ನಾನು. ನಿನ್ನನ್ನು ಕೆಂಡದೊಳಗಿಂದ ಎತ್ತಿಕೊಂಡವಳ ಹೆಸರು ಬೋರಕ್ಕ.